ಬೊಕ್ಕಸ ಕೈಬಿಟ್ಟ ಕಾಸಿಗೆ ಊರಿನ ಮುದ್ರೆ

ಆಟೊಮನ್ ಸುಲ್ತಾನ ಅಬ್ದುಲ್ ಮಜೀದನ ಕಾಲದ ತಾಮ್ರದ ನಾಣ್ಯದ ಒಂದು ಮುಖದಲ್ಲಿ ಅವನ ಹೆಸರನ್ನು ಬಳ್ಳಿಯಂತೆ ಹೆಣೆದು ಬರೆದ ತುಘ್ರಾ ಎಂಬ ರಾಜಮುದ್ರೆ ಇರುತ್ತದೆ. ಇನ್ನೊಂದು ಮುಖದಲ್ಲಿ ಅವನು ಪಟ್ಟಕ್ಕೇರಿದ ಹಿಜರಿ ವರ್ಷ 1255. ಏಜಿಯನ್ ಸಮುದ್ರದ ಲೆಸ್ಬೋಸ್, ಥಾಸೋಸ್ ಮೊದಲಾದ ದ್ವೀಪಗಳಲ್ಲಿ ಓಡಾಡಿದ ಇಂಥ ಕೆಲವು ನಾಣ್ಯಗಳ ಮೇಲೆ ಮೂರನೆಯದೊಂದು ಗುರುತೂ ಕಾಣುತ್ತದೆ. ಅದು ಪುಟ್ಟ ಅಚ್ಚಿನಿಂದ ಹೊಡೆದ ಒಂದೆರಡು ಗ್ರೀಕ್ ಅಕ್ಷರ, ಕೆಲವೊಮ್ಮೆ ಒಂದು ಶಿಲುಬೆ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಅಲ್ಲಿನ ಗ್ರೀಕ್ ಆರ್ಥೊಡಾಕ್ಸ್ ಸಮುದಾಯಗಳು ಹಾಕಿದ ಮರುಮುದ್ರೆ ಇದು. ಸುಲ್ತಾನನ ವಿರುದ್ಧದ ಬಂಡಾಯವೆಂದು ಇದನ್ನು ಓದುವುದು ಸುಲಭ. ನಾಣ್ಯಗಳನ್ನೇ ಸಾಕ್ಷಿಯಾಗಿ ಇಟ್ಟುಕೊಂಡರೆ ಅವು ಹೇಳುವುದು ಬೇರೆ: ಸಾಮ್ರಾಜ್ಯ ಮಾಡಬೇಕಿದ್ದ ಕೆಲಸವನ್ನು ಹಳ್ಳಿಗಳು ವಹಿಸಿಕೊಂಡವು.

ಆಗಿನ ಲೆಕ್ಕದಲ್ಲಿ 40 ಪಾರಾ ಸೇರಿದರೆ ಒಂದು ಕುರುಶ್, 100 ಕುರುಶ್ ಸೇರಿದರೆ ಒಂದು ಚಿನ್ನದ ಲೀರಾ. ರೊಟ್ಟಿ, ಮೊಂಬತ್ತಿ, ಎಣ್ಣೆಯ ವ್ಯಾಪಾರವೆಲ್ಲ ತಾಮ್ರದ ಪಾರಾಗಳಲ್ಲೇ ನಡೆಯುತ್ತಿತ್ತು. 1875ರಲ್ಲಿ ಸಾಮ್ರಾಜ್ಯ ಸಾಲ ತೀರಿಸಲಾಗದೆ ಕೈಚೆಲ್ಲಿತು. ಮರುವರ್ಷ ಕಾಗದದ ಹಣ ಹೊರಡಿಸಿತು. ರಷ್ಯದೊಡನೆ 1877-78ರ ಯುದ್ಧ ನಡೆದು ಆ ಕಾಗದದ ಬೆಲೆಯೂ ಕುಸಿಯಿತು. 1880ರ ಹೊತ್ತಿಗೆ ಸರ್ಕಾರ ತಾಮ್ರದ ನಾಣ್ಯಗಳ ಬೆಲೆಯನ್ನೂ ಇಳಿಸಿ ಅವುಗಳಿಂದ ಕೈತೊಳೆದುಕೊಳ್ಳತೊಡಗಿತು. ಬೊಕ್ಕಸಕ್ಕೆ ಬೇಡವಾದರೂ ಸಂತೆಗೆ ಚಿಲ್ಲರೆ ಬೇಕೇ ಬೇಕಿತ್ತು. ಆ ಜಾಗ ತುಂಬುವಷ್ಟು ಹೊಸ ಚಿಲ್ಲರೆ ಬೇಗ ಬರಲಿಲ್ಲ. ನಿಕಲ್ ನಾಣ್ಯಗಳು ಬಂದದ್ದು 1910ರ ಸುಮಾರಿಗೆ.

ಈ ಕೊರತೆಯನ್ನು ನೀಗಿಸಲು ಊರಿನ ಚರ್ಚಿಗಿಂತ ತಕ್ಕ ಸಂಸ್ಥೆ ಇರಲಿಲ್ಲ. ಆಟೊಮನ್ ವ್ಯವಸ್ಥೆಯಲ್ಲಿ ಆರ್ಥೊಡಾಕ್ಸ್ ಸಮುದಾಯ ತನ್ನ ಚರ್ಚು, ಶಾಲೆ, ದಾನಧರ್ಮಗಳ ಲೆಕ್ಕವನ್ನು ತಾನೇ ನೋಡಿಕೊಳ್ಳುತ್ತಿತ್ತು. ಮೊಂಬತ್ತಿ ಹಚ್ಚುವವರ ಪುಡಿಗಾಸು ವಾರವಾರವೂ ಚರ್ಚಿನ ತಟ್ಟೆಗೆ ಬೀಳುತ್ತಿತ್ತು. ತಾನು ಮುದ್ರೆ ಒತ್ತಿದ ಕಾಸನ್ನು ಚರ್ಚೇ ಭಾನುವಾರ ತಟ್ಟೆಯಲ್ಲಿ ಸ್ವೀಕರಿಸುತ್ತದೆ ಎಂದಾದಾಗ, ಸೋಮವಾರ ಅಂಗಡಿಯವನು ಅದನ್ನು ಒಲ್ಲೆನ್ನಲು ಕಾರಣವಿರಲಿಲ್ಲ. ಲೋಹದ ತೂಕವಾಗಲೀ ಸುಲ್ತಾನನ ಹೆಸರಾಗಲೀ ಕೊಡಲಾಗದ ಬೆಲೆಯನ್ನು ಆ ಭರವಸೆ ಕೊಟ್ಟಿತು.

ಇಸ್ಲಾಮೀ ರಾಜಮುದ್ರೆಯಿದ್ದ ನಾಣ್ಯಕ್ಕೆ ಶಿಲುಬೆ ಒತ್ತುವುದು ರಾಜಕೀಯವಲ್ಲದೆ ಮತ್ತೇನು ಎಂಬ ಆಕ್ಷೇಪವಿದೆ. ಅದನ್ನು ತಳ್ಳಿಹಾಕಲಾಗದು, ತಮ್ಮ ಲಿಪಿಯನ್ನು ಕಾಸಿನ ಮೇಲೆ ಕಂಡಾಗ ಅಭಿಮಾನ ಉಕ್ಕಿರಲೂಬಹುದು. ಆದರೆ ಬಂಡಾಯವೇ ಉದ್ದೇಶವಾಗಿದ್ದರೆ ಅಥೆನ್ಸ್‌ನ ರಾಜಲಾಂಛನವನ್ನೋ ಗ್ರೀಸ್ ದೇಶದ ಹೆಸರನ್ನೋ ಒತ್ತಬೇಕಿತ್ತು. ಇಲ್ಲಿರುವುದು ಒಂದು ಹಳ್ಳಿಯ, ಒಂದು ಚರ್ಚಿನ ಮೊದಲಕ್ಷರ. ಒಂದೇ ದ್ವೀಪದ ಹಳ್ಳಿಗಳಲ್ಲೂ ಮುದ್ರೆ ಬೇರೆ ಬೇರೆ. ಒಂದೇ ಅಕ್ಷರ ಎಷ್ಟೋ ಊರುಗಳಿಗೆ ಹೊಂದುವುದರಿಂದ ಹೊರಗಿನವನಿಗೆ ಅದು ಏನನ್ನೂ ಹೇಳುವುದಿಲ್ಲ. ಜಗತ್ತಿಗೆ ಸಾರಲು ಹೊರಟವರು ಹೀಗೆ ಗುಟ್ಟಾಗಿ ಬರೆಯುವುದಿಲ್ಲ. ಯಾರಿಗೆ ತಿಳಿಯಬೇಕಿತ್ತೋ ಅವರಿಗೆ ತಿಳಿದರೆ ಸಾಕಿತ್ತು.

ಅಚ್ಚು ಮಾಡಿಸುವುದು ಯಾರಿಗೂ ಕಷ್ಟವಲ್ಲ, ಖೋಟಾ ಕಾಸು ತುಂಬಿಹೋಗುವುದಿಲ್ಲವೇ ಎಂಬುದು ಇನ್ನೊಂದು ಪ್ರಶ್ನೆ. ದೊಡ್ಡ ನಗರದಲ್ಲಾಗಿದ್ದರೆ ಆ ಅಪಾಯ ನಿಜ. ಇಲ್ಲಿ ಕೊಡುವವನೂ ಕೊಳ್ಳುವವನೂ ಪರಸ್ಪರ ಮುಖ ಬಲ್ಲವರು; ಕಾಸಿನ ಬೆಲೆ ಅಲ್ಪ, ಊರ ಗಡಿ ದಾಟಿದರೆ ಅದಕ್ಕೆ ಕಿಮ್ಮತ್ತಿಲ್ಲ. ಮೋಸದಿಂದ ಸಿಗುವ ಲಾಭಕ್ಕಿಂತ ಸಿಕ್ಕಿಬಿದ್ದರೆ ಆಗುವ ಅವಮಾನವೇ ದೊಡ್ಡದು. ದೌರ್ಬಲ್ಯವೆಂದು ತೋರುವ ಸಣ್ಣ ವ್ಯಾಪ್ತಿಯೇ ಈ ವ್ಯವಸ್ಥೆಯ ಕಾವಲಾಗಿತ್ತು.

1912ರಲ್ಲಿ ಬಾಲ್ಕನ್ ಯುದ್ಧದ ವೇಳೆ ಲೆಸ್ಬೋಸ್ ಮತ್ತು ಥಾಸೋಸ್ ಗ್ರೀಸ್‌ನ ವಶವಾದವು. ಮುಂದೆ ಅಲ್ಲಿ ಗ್ರೀಕ್ ಹಣ ನಡೆಯಿತು. ಮರುಮುದ್ರೆಯ ಕಾಸನ್ನು ಹಾಳಾದ ನಾಣ್ಯವೆಂದು ಬದಿಗಿಡುವ ಸಂಗ್ರಹಕಾರರು ಇಂದಿಗೂ ಇದ್ದಾರೆ. ಅದು ಸರಿಯಲ್ಲ. ರಾಜರ ಹೆಸರು ಎಷ್ಟೋ ನಾಣ್ಯಗಳಲ್ಲಿ ಸಿಗುತ್ತದೆ. ಆ ನಾಣ್ಯವನ್ನು ಬಳಸಿದ ಜನ ತಮ್ಮ ಹೊಣೆಯನ್ನು ತಾವೇ ಬರೆದಿಟ್ಟ ದಾಖಲೆ ಸಿಗುವುದು ಅಪರೂಪ. ಈ ತಾಮ್ರದ ಕಾಸುಗಳು ಅಂಥ ದಾಖಲೆ, ಅವುಗಳನ್ನು ಹಾಗೆಯೇ ಕಾಪಾಡಬೇಕು.