ಭತ್ತದ ಗದ್ದೆಗೆ ಕುರಿಗೊಬ್ಬರ, ಹಸಿರೆಲೆ

ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳು ಮುಖ್ಯವಾಗಿ ಜೋಳ, ಮೆಕ್ಕೆಜೋಳ, ಶೇಂಗಾ ಬೆಳೆಯುವ ಬೆದ್ದಲು ಸೀಮೆ. ಇಲ್ಲಿ ಭತ್ತ ಬೆಳೆಯುವುದು ತುಂಗಭದ್ರೆಯ ದಂಡೆಯಲ್ಲಿ, ಕೆರೆಯ ಕೆಳಗೆ, ಕೊಳವೆಬಾವಿಯ ಆಸರೆಯಲ್ಲಿ. ಮರಳು ಬೆರೆತ ಕೆಂಪು ಮಣ್ಣಿನಲ್ಲಿ ಸಾವಯವ ಅಂಶ ಕಡಿಮೆ. ಎರಚಿದ ಯೂರಿಯಾದ ಒಂದಷ್ಟು ಪಾಲು ನೀರಿನ ಜೊತೆ ಬೇರಿನ ಕೆಳಕ್ಕೆ ಇಳಿದುಹೋಗುತ್ತದೆ.

ತುಂಗಭದ್ರಾ ನೀರಾವರಿ ಪ್ರದೇಶದ ಭತ್ತಕ್ಕೆ ಹೆಕ್ಟೇರಿಗೆ 150 ಕಿಲೊ ಸಾರಜನಕದ ಶಿಫಾರಸು ಇದೆ. ಅಂದರೆ ಎಕರೆಗೆ 60 ಕಿಲೊ. ನಾಲ್ಕು ಟನ್ ತಿಪ್ಪೆಗೊಬ್ಬರದಲ್ಲಿ ಇರುವುದು ಸುಮಾರು 20 ಕಿಲೊ ಮಾತ್ರ, ಅದರಲ್ಲೂ ಮೊದಲ ಬೆಳೆಗೆ ದಕ್ಕುವುದು ಒಂದು ಪಾಲು. ತಿಪ್ಪೆಯೊಂದನ್ನೇ ನಂಬಿದರೆ ಪೈರು ಹಳದಿಯಾಗುವುದು ಇದೇ ಕಾರಣಕ್ಕೆ.

ಈ ಸೀಮೆಯ ನಿಜವಾದ ಸಂಪತ್ತು ಕುರಿ. ಕಂಬಳಿಗೆ ಹೆಸರಾದ ಬಳ್ಳಾರಿ ತಳಿಯ ನೆಲೆಯಿದು. ಕುರಿಗೊಬ್ಬರದಲ್ಲಿ ಸುಮಾರು ಶೇ 3ರಷ್ಟು ಸಾರಜನಕ ಇರುತ್ತದೆ. ತಿಪ್ಪೆಗೊಬ್ಬರದ್ದು ಶೇ 0.5ರ ಆಸುಪಾಸು. ಕೊಯ್ಲಾದ ಗದ್ದೆಯಲ್ಲಿ ರಾತ್ರಿ ಕುರಿ ತರುಬಿದರೆ ಹಿಕ್ಕೆಯಷ್ಟೇ ಅಲ್ಲ, ಗಂಜಲವೂ ನೇರ ಮಣ್ಣಿಗೆ ಸೇರುತ್ತದೆ. ಹಟ್ಟಿಯಲ್ಲಿ ಗುಡ್ಡೆ ಹಾಕಿ ತಂದ ಗೊಬ್ಬರದಲ್ಲಿ ಈ ಗಂಜಲದ ಸಾರ ಬಹುಪಾಲು ಕಳೆದಿರುತ್ತದೆ. ಆದರೆ ಮಂದೆ ಎದ್ದ ಕೂಡಲೇ ಉಳುಮೆ ಆಗಲೇಬೇಕು. ಬೇಸಿಗೆಯ ಬಿಸಿಲಿಗೆ ಬಿಟ್ಟರೆ ಗಂಜಲದ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ, ಕುರಿಯವರಿಗೆ ಕೊಟ್ಟ ಕಾಳು, ಹಣ ವ್ಯರ್ಥ.

ಹಸಿರೆಲೆ ಗೊಬ್ಬರಕ್ಕೆ ಸೆಣಬು ಅಥವಾ ಡಯಾಂಚ ಸೂಕ್ತ. ಡಯಾಂಚ ಸವಳು ಮಣ್ಣನ್ನೂ ತಡೆದುಕೊಳ್ಳುತ್ತದೆ. ಎಕರೆಗೆ ಸುಮಾರು 20 ಕಿಲೊ ಬೀಜ ಬಿತ್ತಿ, 45 ದಿನಕ್ಕೆ ಹೂ ಬಿಡುವ ಹೊತ್ತಿಗೆ ಕೆಸರಿಗೆ ತುಳಿದು, ವಾರ ಕಳೆದ ಮೇಲೆ ನಾಟಿ ಮಾಡಬಹುದು. ನೀರು ತಡವಾಗಿ ಬರುವ ವರ್ಷ ಇಷ್ಟು ದಿನ ಸಿಗುವುದಿಲ್ಲ. ಆಗ ಬದುವಿನ ಹೊಂಗೆ, ಗ್ಲಿರಿಸಿಡಿಯಾ ಸೊಪ್ಪೇ ಕೈಹಿಡಿಯುವುದು. ಹಾಗಾಗಿ ಬದುವಿನ ಹೊಂಗೆ ಮರ ಕಡಿಯುವುದು ಗದ್ದೆಗೇ ಮಾಡಿಕೊಳ್ಳುವ ನಷ್ಟ.

ಒಣ ಹುಲ್ಲು, ಕಳಿಯದ ಸಗಣಿಯನ್ನು ನಾಟಿಯ ಹೊತ್ತಿಗೆ ಸೇರಿಸಬಾರದು. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಹಿಡಿದಿಟ್ಟುಕೊಂಡು ಸಸಿಯನ್ನು ಸೊರಗಿಸುತ್ತವೆ. ಜೀವಾಮೃತ ಸೂಕ್ಷ್ಮಜೀವಿಗಳಿಗೆ ನೆರವಾದೀತು, ಅದರಲ್ಲಿರುವ ಪೋಷಕಾಂಶ ಮಾತ್ರ ತೀರಾ ಅಲ್ಪ. ಅದು ಗೊಬ್ಬರಕ್ಕೆ ಬದಲಿಯಲ್ಲ. ಬೇವಿನ ಹಿಂಡಿಯ ಲಾಭ ಬೇರೆ: ಅದು ಸಾರಜನಕ ನೈಟ್ರೇಟ್ ಆಗಿ ಸೋರಿಹೋಗುವುದನ್ನು ನಿಧಾನಿಸುತ್ತದೆ.

ರಾಸಾಯನಿಕವನ್ನು ಒಂದೇ ವರ್ಷದಲ್ಲಿ ಪೂರ್ತಿ ಬಿಟ್ಟರೆ ಇಳುವರಿ ಕುಸಿಯುವ ಸಂಭವ ಹೆಚ್ಚು. ಮೊದಲು ಕಾಲು ಪಾಲು, ಮಣ್ಣು ಹದಕ್ಕೆ ಬಂದಂತೆ ಅರ್ಧ ಪಾಲು ಸಾರಜನಕವನ್ನು ಸಾವಯವ ಮೂಲದಿಂದ ಕೊಟ್ಟು, ಉಳಿದ ಯೂರಿಯಾವನ್ನು ತೆಂಡೆ ಒಡೆಯುವಾಗ ಮತ್ತು ತೆನೆ ಮೂಡುವಾಗ ಕಂತಿನಲ್ಲಿ ಹಾಕುವುದು ಸುರಕ್ಷಿತ ದಾರಿ.