‘ಭ್ರಷ್ಟ’ ಎಂದರೆ ಯಾರು? ಒಂದು ಪದದ ಹಲವು ಅರ್ಥಗಳು

‘ಭ್ರಷ್ಟ’ ಎಂಬ ಪದ ಕಿವಿಗೆ ಬಿದ್ದ ಕೂಡಲೇ ನಮಗೆ ನೆನಪಾಗುವುದು ಲಂಚ. ಭ್ರಷ್ಟ ಅಧಿಕಾರಿ, ಭ್ರಷ್ಟ ರಾಜಕಾರಣಿ, 1988ರ ಭ್ರಷ್ಟಾಚಾರ ತಡೆ ಕಾಯ್ದೆ – ಪತ್ರಿಕೆಗಳಲ್ಲಿ ನಾವು ದಿನವೂ ಓದುವುದು ಇದನ್ನೇ. ಆದರೆ ಈ ಪದಕ್ಕೂ ಹಣಕ್ಕೂ ಮೂಲದಲ್ಲಿ ಸಂಬಂಧವೇ ಇಲ್ಲ. ಸಂಸ್ಕೃತದ ‘ಭ್ರಂಶ್’ ಧಾತುವಿಗೆ ಜಾರು, ಕೆಳಗೆ ಬೀಳು ಎಂದರ್ಥ. ಇದ್ದ ಜಾಗದಿಂದ ಜಾರಿದವನೇ ಭ್ರಷ್ಟ. ಎಲ್ಲಿಂದ ಜಾರಿದ ಎಂಬುದನ್ನು ಅದಕ್ಕೆ ಮೊದಲು ಸೇರುವ ಪದ ಹೇಳುತ್ತದೆ.

ಅಧಿಕಾರ ಕಳೆದುಕೊಂಡವನು ಪದಭ್ರಷ್ಟ. ನಂಬಿಕೆಯನ್ನು ತೊರೆದವನು ಮತಭ್ರಷ್ಟ. ನಡತೆಯಲ್ಲಿ ಜಾರಿದವನು ಆಚಾರಭ್ರಷ್ಟ. ಇದೇ ಎರಡು ಪದಗಳು ಹಿಂದುಮುಂದಾಗಿ ‘ಭ್ರಷ್ಟಾಚಾರ’ವಾಯಿತು. ಮೊದಲು ಎಲ್ಲ ಬಗೆಯ ಕೆಟ್ಟ ನಡತೆಗೂ ಸಲ್ಲುತ್ತಿದ್ದ ಆ ಮಾತು ಕ್ರಮೇಣ ಲಂಚಗುಳಿತನಕ್ಕೆ ಸೀಮಿತವಾಯಿತು.

ಜಾರಿದ್ದೋ, ತಳ್ಳಿದ್ದೋ?

ಇಲ್ಲಿ ನಾವು ಗಮನಿಸಬೇಕಾದ ಸಂಗತಿಯೊಂದಿದೆ. ‘ಭ್ರಷ್ಟ’ ಎಂಬ ಪದ ಬಿದ್ದವನನ್ನು ಮಾತ್ರ ತೋರಿಸುತ್ತದೆ, ತಳ್ಳಿದವರನ್ನು ತೋರಿಸುವುದಿಲ್ಲ. ‘ದೇಶಭ್ರಷ್ಟ’ ಎಂಬುದನ್ನೇ ನೋಡೋಣ. 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದರು. 1966ರಲ್ಲಿ ಉತ್ತರ ಕನ್ನಡದ ಮುಂಡಗೋಡಿನಲ್ಲಿ ಟಿಬೆಟನ್ನರ ವಸತಿ ಆರಂಭವಾಯಿತು. ಕನ್ನಡ ಪತ್ರಿಕೆಗಳು ಅವರನ್ನು ದೇಶಭ್ರಷ್ಟರು ಎಂದು ಬರೆದಿವೆ. ಅವರು ಯಾವ ತಪ್ಪನ್ನೂ ಮಾಡಿ ಜಾರಿದವರಲ್ಲ, ನೆಲೆ ಬಿಡಬೇಕಾಗಿ ಬಂದವರು. ಆದರೆ ಲಂಚದ ಅರ್ಥವನ್ನಷ್ಟೇ ಬಲ್ಲ ಇಂದಿನ ಮಕ್ಕಳಿಗೆ ಈ ಪದ ದೇಶಕ್ಕೆ ದ್ರೋಹ ಬಗೆದವರು ಎಂಬಂತೆ ಕೇಳಿಸಬಹುದು.

‘ಜಾತಿಭ್ರಷ್ಟ’ ಇನ್ನೂ ಕಠಿಣವಾದ ಪದ. ತೀರ್ಪು ಕೊಡುವವರು ಜಾತಿಯ ಹಿರಿಯರು, ಹೆಸರು ಕೆಡುವುದು ಹೊರಗಾದವನದು. ಒಂದು ಕಾಲದಲ್ಲಿ ಅದರೊಂದಿಗೆ ಆಸ್ತಿಯ ಹಕ್ಕೂ ಹೋಗುತ್ತಿತ್ತು. ಜಾತಿಯಿಂದ ಹೊರಹಾಕಲ್ಪಟ್ಟ ಅಥವಾ ಮತ ಬದಲಿಸಿದ ಕಾರಣಕ್ಕೆ ಯಾರ ಆಸ್ತಿಯನ್ನೂ ವಾರಸು ಹಕ್ಕನ್ನೂ ಕಸಿಯುವಂತಿಲ್ಲ ಎಂದು 1850ರ ಕಾಯ್ದೆ ಹೇಳಬೇಕಾಯಿತು. ಕಾನೂನು ಆಸ್ತಿಯನ್ನು ಉಳಿಸಿತು. ಆದರೆ ಊರಿನ ಬಾಯಲ್ಲಿ ಹೋದ ಮಾನವನ್ನು ಕಾನೂನು ಮರಳಿ ಕೊಡಲಾರದು.

ಬಿದ್ದದ್ದೂ ಬೆಳೆಯುತ್ತದೆ

ಭಾಷೆಗೂ ಈ ಹಣೆಪಟ್ಟಿ ಅಂಟಿದ್ದುಂಟು. ‘ಗೌಃ’ ಎಂಬ ಶುದ್ಧ ರೂಪ ಬಿಟ್ಟು ಜನರು ಆಡುತ್ತಿದ್ದ ಗಾವೀ, ಗೋಣೀ ಮೊದಲಾದ ರೂಪಗಳನ್ನು ಪತಂಜಲಿ ‘ಅಪಭ್ರಂಶ’ ಎಂದು ಕರೆದ. ಮುಂದೆ ಅದೇ ಒಂದು ಭಾಷೆಯ ಹೆಸರಾಯಿತು. 10ನೇ ಶತಮಾನದಲ್ಲಿ ಕವಿ ಪುಷ್ಪದಂತ ಮಾನ್ಯಖೇಟದಲ್ಲಿ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ, ಆ ‘ಬಿದ್ದ’ ಭಾಷೆಯಲ್ಲೇ ಮಹಾಪುರಾಣ ಬರೆದ. 13ನೇ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣದಲ್ಲಿ ಅಪಭ್ರಂಶಕ್ಕೆಂದೇ ಒಂದು ಪ್ರಕರಣವಿದೆ. ಶರ್ಕರಾ ಸಕ್ಕರೆಯಾದದ್ದು, ಶ್ರೀ ಸಿರಿಯಾದದ್ದು, ವಸತಿ ಬಸದಿಯಾದದ್ದು ಹೀಗೆಯೇ. ಇವನ್ನು ಇಂದು ಯಾರೂ ಕೆಟ್ಟ ಪದಗಳೆನ್ನುವುದಿಲ್ಲ. ಇವಿಲ್ಲದೆ ನಮ್ಮ ಕನ್ನಡವೇ ಇಲ್ಲ.

ನಾವೇನು ಮಾಡಬಹುದು?

ಸಭೆಯ ವರದಿ, ಪ್ರಕಟಣೆ, ಭಾಷಣಗಳನ್ನು ಬರೆಯುವಾಗ ಸ್ವಲ್ಪ ಎಚ್ಚರ ವಹಿಸೋಣ. ಹುದ್ದೆ ಬಿಟ್ಟವರೆಲ್ಲ ಪದಭ್ರಷ್ಟರಲ್ಲ. ಅವಧಿ ಮುಗಿದಿದ್ದರೆ ‘ಅವಧಿ ಮುಗಿಯಿತು’ ಎನ್ನೋಣ. ತೆಗೆದುಹಾಕಿದ್ದರೆ ಯಾರು, ಯಾವ ಕಾರಣಕ್ಕೆ ತೆಗೆದರು ಎಂದು ನೇರವಾಗಿ ಬರೆಯೋಣ. ಊರು ಬಿಡಿಸಲ್ಪಟ್ಟವರನ್ನು ‘ನಿರಾಶ್ರಿತರು’ ಎನ್ನೋಣ. ಲಂಚ ತಿಂದವರಿಗೆ ‘ಭ್ರಷ್ಟ’ ಎಂಬ ಪದ ಇದ್ದೇ ಇದೆ.

ಬಿದ್ದವರ ಬಗ್ಗೆ ಮಾತನಾಡುವಾಗ ನಾವು ಆರಿಸುವ ಪದ ಅವರನ್ನು ಎತ್ತಲೂಬಹುದು, ಇನ್ನಷ್ಟು ಕೆಳಕ್ಕೆ ತಳ್ಳಲೂಬಹುದು.