ಬಿತ್ತನೆ ಹೊತ್ತಿನಲ್ಲಿ ಟ್ರ್ಯಾಕ್ಟರ್ ನಿಂತರೆ: ಮನೆಯಲ್ಲೇ ಮಾಡಿಕೊಳ್ಳಬಹುದಾದ ತುರ್ತು ದುರಸ್ತಿ

ಮುಂಗಾರಿನ ಹದಮಳೆ ಬಿದ್ದ ಮೇಲೆ ಕೆಂಪು ಮಣ್ಣಿನ ಹೊಲದಲ್ಲಿ ಬಿತ್ತನೆಗೆ ಸಿಗುವ ಅವಕಾಶ ಕೆಲವೇ ದಿನಗಳದ್ದು. ಅಂಥ ಸಮಯದಲ್ಲಿ ಟ್ರ್ಯಾಕ್ಟರ್ ನಿಂತುಬಿಟ್ಟರೆ ರೈತನಿಗೆ ದಿಕ್ಕು ತೋಚದಂತಾಗುತ್ತದೆ. ಊರಿನ ಟ್ರ್ಯಾಕ್ಟರುಗಳೆಲ್ಲ ಕೆಲಸದಲ್ಲಿರುವಾಗ ಬಾಡಿಗೆಗೆ ಸಿಗುವುದು ಕಷ್ಟ. ಪೇಟೆಯ ಮೆಕ್ಯಾನಿಕ್ ಬರುವಷ್ಟರಲ್ಲಿ ಹದ ಆರಿರುತ್ತದೆ. ಆದರೆ ಹೀಗೆ ನಿಂತ ಎಂಜಿನ್ನಿಗೆ ಎಷ್ಟೋ ಸಲ ದೊಡ್ಡ ಕೆಡುಕೇನೂ ಆಗಿರುವುದಿಲ್ಲ. ಡೀಸೆಲ್ ಕೊಳವೆಯಲ್ಲಿ ಗಾಳಿ ಸೇರಿರುತ್ತದೆ, ಬ್ಯಾಟರಿಯ ತಂತಿ ಸಡಿಲವಾಗಿರುತ್ತದೆ, ಇಲ್ಲವೇ ಫ್ಯಾನ್ ಬೆಲ್ಟು ಹರಿದಿರುತ್ತದೆ. ಒಂದು ಜೊತೆ ಸ್ಪ್ಯಾನರು, ಸ್ಕ್ರೂಡ್ರೈವರು, ಚೊಕ್ಕ ಬಟ್ಟೆ ಇದ್ದರೆ ಇಷ್ಟನ್ನು ರೈತನೇ ಸರಿಪಡಿಸಿಕೊಳ್ಳಬಹುದು.

ಸ್ಪ್ಯಾನರು ಹಿಡಿಯುವ ಮುನ್ನ ಎಂಜಿನ್ನಿನ ಸದ್ದನ್ನು ಗಮನಿಸಬೇಕು. ಕೀಲಿ ತಿರುಗಿಸಿದಾಗ ಬರೀ 'ಟಿಕ್' ಎಂದು ಸುಮ್ಮನಾದರೆ ಅಥವಾ ನರಳುತ್ತ ತಿರುಗಿದರೆ ದೋಷ ಬಹುಮಟ್ಟಿಗೆ ಬ್ಯಾಟರಿಯ ಕಡೆ ಇದೆ. ಎಂಜಿನ್ ಚುರುಕಾಗಿ ತಿರುಗಿಯೂ ಹತ್ತದಿದ್ದರೆ ಡೀಸೆಲ್ ತಲುಪುತ್ತಿಲ್ಲ ಎಂದು ತಿಳಿಯಬೇಕು. ಎಂಜಿನ್ ನಿಲ್ಲಿಸಲು ಎಳೆಯುವ ಗುಂಡಿಯನ್ನು ಹಿಂದಕ್ಕೆ ತಳ್ಳಲು ಮರೆತು, ಅರ್ಧ ದಿನ ಫಿಲ್ಟರು ಬಿಚ್ಚಿ ಕೂತವರೂ ಉಂಟು. ಆದ್ದರಿಂದ ಮೊದಲು ಆ ಗುಂಡಿ, ಆಮೇಲೆ ಟ್ಯಾಂಕಿನಲ್ಲಿರುವ ಡೀಸೆಲ್, ನಂತರ ಟ್ಯಾಂಕಿನ ಕೆಳಗಿನ ನಲ್ಲಿ ತೆರೆದಿದೆಯೇ ಎಂಬುದು, ಈ ಕ್ರಮದಲ್ಲಿ ನೋಡಬೇಕು.

ಗಾಳಿ ತೆಗೆಯುವ ಬಗೆ

ಟ್ಯಾಂಕು ಪೂರ್ತಿ ಬರಿದಾದಾಗ, ಫಿಲ್ಟರು ಬದಲಿಸಿದಾಗ ಅಥವಾ ಕೊಳವೆಯ ಜೋಡಣೆ ಸಡಿಲವಾದಾಗ ಡೀಸೆಲ್ ಹಾದಿಯಲ್ಲಿ ಗಾಳಿ ಸೇರುತ್ತದೆ. ಡೀಸೆಲ್ಲನ್ನು ಒತ್ತಿದರೆ ಅದು ಕುಗ್ಗುವುದು ತೀರ ಅಲ್ಪ. ಗಾಳಿ ಸುಲಭವಾಗಿ ಕುಗ್ಗುತ್ತದೆ. ಹೀಗಾಗಿ ಪಂಪು ಒತ್ತಿದ ಬಲವೆಲ್ಲ ಗಾಳಿಯನ್ನು ಕುಗ್ಗಿಸುವುದರಲ್ಲೇ ಮುಗಿದು, ಇಂಜೆಕ್ಟರು ತೆರೆಯುವುದೇ ಇಲ್ಲ. ಹಳೆಯ ಮಾದರಿಯ ಎಂಜಿನ್ನುಗಳಲ್ಲಿ ಇಂಜೆಕ್ಟರು ತೆರೆಯಲು ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 200 ಕಿಲೋಗ್ರಾಂ ಒತ್ತಡ ಬೇಕು.

ಟ್ಯಾಂಕಿಗೆ ಡೀಸೆಲ್ ತುಂಬಿಸಿ, ಫಿಲ್ಟರಿನ ಸುತ್ತಲಿನ ಮಣ್ಣು ಒರೆಸಬೇಕು. ಫಿಲ್ಟರಿನ ತಲೆಯ ಮೇಲಿರುವ ಗಾಳಿ ತೆಗೆಯುವ ತಿರುಪನ್ನು ಎರಡು ಸುತ್ತು ಸಡಿಲಿಸಿ, ಕೈಪಂಪನ್ನು ನಿಧಾನವಾಗಿ ಒತ್ತುತ್ತಿರಬೇಕು. ಮೊದಲು ನೊರೆ ಬರುತ್ತದೆ, ಆಮೇಲೆ ಗುಳ್ಳೆ ಬೆರೆತ ಡೀಸೆಲ್ ಬರುತ್ತದೆ. ಗುಳ್ಳೆಯಿಲ್ಲದ ತಿಳಿ ಡೀಸೆಲ್ ಬಂದೊಡನೆ, ಹರಿವು ನಿಲ್ಲುವ ಮುನ್ನವೇ ತಿರುಪು ಬಿಗಿಯಬೇಕು. ಎರಡು ಫಿಲ್ಟರುಗಳಿದ್ದರೆ ಟ್ಯಾಂಕಿನ ಕಡೆಯದು ಮೊದಲು. ಬಳಿಕ ಇಂಜೆಕ್ಷನ್ ಪಂಪಿನ ಮೇಲಿನ ತಿರುಪಿನಲ್ಲೂ ಇದನ್ನೇ ಮಾಡಬೇಕು. ಬಹುಪಾಲು ಎಂಜಿನ್ನುಗಳು ಇಷ್ಟಕ್ಕೇ ಹತ್ತುತ್ತವೆ. ಹತ್ತದಿದ್ದರೆ ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಇಂಜೆಕ್ಟರಿನ ಬಳಿಯ ಕೊಳವೆಯ ನಟ್ಟುಗಳನ್ನು ಒಂದು ಸುತ್ತು ಸಡಿಲಿಸಿ, ಆಕ್ಸಿಲರೇಟರನ್ನು ಪೂರ್ತಿ ಕೊಟ್ಟು ಸ್ಟಾರ್ಟರಿನಿಂದ ಎಂಜಿನ್ ತಿರುಗಿಸಬೇಕು. ಡೀಸೆಲ್ ಜಿನುಗಿದೊಡನೆ ನಟ್ಟು ಬಿಗಿಯಬೇಕು. ಸ್ಟಾರ್ಟರನ್ನು ಒಮ್ಮೆಗೆ 10 ಸೆಕೆಂಡಿಗಿಂತ ಹೆಚ್ಚು ಒತ್ತಬಾರದು; ನಡುವೆ ಅರ್ಧ ನಿಮಿಷವಾದರೂ ಬಿಡುವು ಕೊಡಬೇಕು.

ಈ ಕೊನೆಯ ಹೆಜ್ಜೆ ಕಾಮನ್ ರೈಲ್ ಎಂಜಿನ್ನುಗಳಿಗೆ ಸಲ್ಲದು. 2023ರ ಜನವರಿಯಿಂದ 50 ಅಶ್ವಶಕ್ತಿಗೆ ಮೇಲ್ಪಟ್ಟ ಹೊಸ ಟ್ರ್ಯಾಕ್ಟರುಗಳಿಗೆ ಬಿಗಿಯಾದ ಹೊಗೆ ನಿಯಮ ಜಾರಿಯಾದ ಮೇಲೆ ಇಂಥ ಎಂಜಿನ್ನುಗಳು ಹೆಚ್ಚಾಗಿ ಬಂದಿವೆ. ಇವುಗಳ ಕೊಳವೆಗಳಲ್ಲಿ ಒತ್ತಡ ಹಲವು ಪಟ್ಟು ಹೆಚ್ಚು. ಕೈಪಂಪಿನ ಕೆಲಸವನ್ನಷ್ಟೇ ಮಾಡಿ ನಿಲ್ಲಿಸಬೇಕು. ಯಾವುದೇ ಎಂಜಿನ್ನಿನಲ್ಲಿ ಡೀಸೆಲ್ ಸೋರುವ ಜಾಗವನ್ನು ಬೆರಳಿಟ್ಟು ಹುಡುಕಬಾರದು, ರಟ್ಟಿನ ತುಂಡು ಹಿಡಿದು ನೋಡಬೇಕು. ಒತ್ತಡದಿಂದ ಚಿಮ್ಮಿದ ಡೀಸೆಲ್ ಚರ್ಮವನ್ನು ತೂರಿ ಒಳಹೋಗುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ಒಳಗಿನ ಮಾಂಸ ಕೊಳೆತು ಬೆರಳು ಕಳೆದುಕೊಳ್ಳುವ ಸಂಭವವಿದೆ. ಹಾಗಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಡೀಸೆಲ್ ಒಳಹೊಕ್ಕಿದೆಯೆಂದು ವೈದ್ಯರಿಗೆ ಬಿಡಿಸಿ ಹೇಳಬೇಕು.

ಬ್ಯಾಟರಿ ಮತ್ತು ಬೆಲ್ಟು

ಬ್ಯಾಟರಿಯ ತುದಿಗಳಲ್ಲಿ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ವಿದ್ಯುತ್ತು ಸರಿಯಾಗಿ ಹರಿಯುವುದಿಲ್ಲ. ಋಣ ತುದಿಯ ತಂತಿಯನ್ನು ಮೊದಲು ಬಿಚ್ಚಬೇಕು, ಕೊನೆಗೆ ಜೋಡಿಸಬೇಕು. ಮುಚ್ಚಳಗಳನ್ನು ಭದ್ರಪಡಿಸಿಕೊಂಡು, ಅಡುಗೆ ಸೋಡಾ ಬೆರೆಸಿದ ಬಿಸಿನೀರಿನಿಂದ ತುದಿಗಳನ್ನು ತೊಳೆದು ಒರೆಸಿ, ತಂತಿ ಬಿಗಿದ ಮೇಲೆ ವ್ಯಾಸಲಿನ್ ಸವರಬೇಕು. ಬ್ಯಾಟರಿಯಿಂದ ಹೊರಡುವ ಅನಿಲ ಸಿಡಿಯುವಂಥದು. ಹತ್ತಿರ ಬೀಡಿ, ಬೆಂಕಿಕಡ್ಡಿ ಬೇಡ.

ಎಂಜಿನ್ ಕಾದರೆ ಮೊದಲು ಬೆಲ್ಟನ್ನು ನೋಡಬೇಕು. ಎಂಜಿನ್ ನಿಲ್ಲಿಸಿ ಬೆಲ್ಟಿನ ನಡುವೆ ಹೆಬ್ಬೆರಳಿನಿಂದ ಒತ್ತಿದಾಗ ಸುಮಾರು ಅರ್ಧ ಅಂಗುಲ ಬಗ್ಗುವಷ್ಟು ಬಿಗಿಯಿರಬೇಕು. ಬೆಲ್ಟು ಹರಿದಿದ್ದರೆ 'ಈ ಒಂದು ಸಾಲು ಮುಗಿಸಿಬಿಡೋಣ' ಎನ್ನಬಾರದು. ಸಾಮಾನ್ಯವಾಗಿ ಅದೇ ಬೆಲ್ಟು ನೀರಿನ ಪಂಪನ್ನೂ ತಿರುಗಿಸುವುದರಿಂದ ಸ್ವಲ್ಪ ಹೊತ್ತಿನಲ್ಲೇ ಹೆಡ್ ಗ್ಯಾಸ್ಕೆಟ್ ಸುಟ್ಟು, ನೂರಾರು ರೂಪಾಯಿಯ ಕೆಲಸ ಸಾವಿರಗಳಿಗೆ ಏರುತ್ತದೆ. ಹೊಸ ಬೆಲ್ಟು ಹಾಕಲು ಆಲ್ಟರ್ನೇಟರಿನ ಬೋಲ್ಟು ಸಡಿಲಿಸಿ ಅದನ್ನು ಒಳಕ್ಕೆ ತಳ್ಳಬೇಕು. ಬೆಲ್ಟು ಕೂರಿಸಿ ಹೊರಕ್ಕೆ ಎಳೆದು ಬಿಗಿಯಬೇಕು. ರೇಡಿಯೇಟರಿನ ಮುಚ್ಚಳವನ್ನು ಬಿಸಿಯಿದ್ದಾಗ ತೆಗೆದರೆ ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಬ್ಲಾಕು ಬಿರಿಯಬಹುದು. ಆರಿದ ಮೇಲೆಯೇ ನೀರು ತುಂಬಬೇಕು.

ಇಂಜೆಕ್ಷನ್ ಪಂಪಿನ ಸೀಲು, ಇಂಜೆಕ್ಟರು, ಬ್ರೇಕು, ಸ್ಟಿಯರಿಂಗುಗಳಿಗೆ ಮನೆಯಲ್ಲಿ ಕೈ ಹಾಕಬಾರದು. ಆಯಿಲ್ ಒತ್ತಡದ ಕೆಂಪು ದೀಪ ಓಡುತ್ತಿರುವಾಗ ಹತ್ತಿದರೆ ಎಂಜಿನ್ನನ್ನು ಆ ಕ್ಷಣವೇ ನಿಲ್ಲಿಸಿ ಆಯಿಲ್ ಮಟ್ಟ ನೋಡಬೇಕು. ಮಟ್ಟ ಸರಿಯಿದ್ದೂ ದೀಪ ಆರದಿದ್ದರೆ ಮೆಕ್ಯಾನಿಕ್ ಬರುವವರೆಗೆ ಕಾಯುವುದೇ ಸರಿ. ಆತನಿಗೆ ಏನೇನು ಬಿಚ್ಚಿ ಜೋಡಿಸಲಾಗಿದೆ ಎಂಬುದನ್ನು ಮುಚ್ಚಿಡದೆ ತಿಳಿಸಿದರೆ ಅರ್ಧ ಸಮಯ ಉಳಿಯುತ್ತದೆ. ಒಂದು ಬೆಲ್ಟು, ಫಿಲ್ಟರು, ಗಾಳಿ ತಿರುಪಿನ ನಾಲ್ಕು ತಾಮ್ರದ ವಾಷರುಗಳನ್ನು ರೋಹಿಣಿ ಮಳೆಗೆ ಮುಂಚೆಯೇ ತಂದು ಟ್ರ್ಯಾಕ್ಟರಿನ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಬೇಕು.